ವಾರವನ್ನು ತಿಂಗಳು ಮಾಡುವ ಬಗೆ

ಮೊದಲು ಶಾಲೆಯಲ್ಲಿ ಕಲಿತದ್ದನ್ನು ಒಮ್ಮೆ ನೆನಪಿಸಿಕೊಳ್ಳಿ, ಮರೆಯುವುದಕ್ಕೆ ಅನುಕೂಲವಾಗುತ್ತದೆ. ವಾರಕ್ಕೆ ಏಳು ದಿನ. ತಿಂಗಳಿಗೆ ಮೂವತ್ತು ಇಲ್ಲವೇ ಮೂವತ್ತೊಂದು, ಫೆಬ್ರವರಿಗೆ ಮಾತ್ರ ಇಪ್ಪತ್ತೆಂಟು ಅಥವಾ ಇಪ್ಪತ್ತೊಂಬತ್ತು. ವರ್ಷದ ಸರಾಸರಿ 365.2425 ದಿನಗಳನ್ನು ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 30.44 ದಿನ, ಅಂದರೆ 4.35 ವಾರ ಬರುತ್ತದೆ. ಇದು ಗಣಿತದ ಮೇಷ್ಟ್ರ ದರ. ಪೇಟೆಯಲ್ಲಿ ಯಾರೂ ಈ ದರದಲ್ಲಿ ವ್ಯವಹಾರ ಮಾಡುವುದಿಲ್ಲ. ನೀವೂ ಮಾಡಬೇಡಿ.

ಪೇಟೆಯ ದರ ತಿಳಿಯಬೇಕಾದರೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಬೇಡಿ, ಕೋಣೆಯೊಳಗಿನ ಜನರನ್ನು ನೋಡಿ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ? ಕೂತವರು ಹೇಳಿದ್ದೇ ದರ. ಕೂತವರು ಕೊಡಬೇಕಾಗಿದ್ದರೆ ವಾರ ಹಿಗ್ಗುತ್ತದೆ, ಪಡೆಯಬೇಕಾಗಿದ್ದರೆ ತಿಂಗಳು ಕುಗ್ಗುತ್ತದೆ. ನೀವು ಕೂತಿದ್ದರೆ ಈ ಕೈಪಿಡಿ ನಿಮಗಾಗಿಯೇ ಬರೆದದ್ದು. ನಿಂತಿದ್ದರೂ ಓದಿ, ಕಾಯುವ ಹೊತ್ತು ಕಳೆಯುತ್ತದೆ.

ಬೇಕಾಗುವ ಸಾಮಗ್ರಿ

ಗೋಡೆಯ ಕ್ಯಾಲೆಂಡರ್ ಒಂದು. ಪಂಚಾಂಗ ಒಂದು. ಸೈಲೆಂಟ್‌ನಲ್ಲಿ ಇಡಬಹುದಾದ ಮೊಬೈಲ್ ಒಂದು. ಊರಲ್ಲಿ ಹುಷಾರಿಲ್ಲದ ಹಿರಿಯ ಸಂಬಂಧಿಕರು ಕನಿಷ್ಠ ಇಬ್ಬರು. ಒಬ್ಬರೇ ಇದ್ದರೆ ಅವರು ಬೇಗ ಚೇತರಿಸಿಕೊಂಡುಬಿಡುವ ಅಪಾಯವಿದೆ.

ಕ್ಯಾಲೆಂಡರ್, ಪಂಚಾಂಗ ಎರಡೂ ಕೈಗೆಟುಕುವಂತಿರಲಿ. ಒಂದು ನಿಮ್ಮ ಮಾತು ಒಪ್ಪದಿದ್ದಾಗ ಇನ್ನೊಂದು ಒಪ್ಪುತ್ತದೆ. ಕ್ಯಾಲೆಂಡರಿನಲ್ಲಿ 2026ರ ಫೆಬ್ರವರಿ ಹಾಳೆ ಉಳಿದಿದ್ದರೆ ಕಿತ್ತು ಹಾಕಿ. ಅದು ಭಾನುವಾರ ಶುರುವಾಗಿ ಶನಿವಾರ ಮುಗಿದು, ಅಚ್ಚುಕಟ್ಟಾಗಿ ನಾಲ್ಕೇ ಸಾಲಿನಲ್ಲಿ ಕೂತಿದೆ. ಇಂಥ ಶಿಸ್ತಿನ ತಿಂಗಳು ಗಿರಾಕಿಗಳ ಕಣ್ಣಿಗೆ ಬಿದ್ದರೆ ಇಲ್ಲದ ಆಸೆ ಹುಟ್ಟುತ್ತದೆ.

ಹಂತ 1: ವಾರವನ್ನು ಬಾಯಲ್ಲಿ ಕೊಡಿ

ನೀವು ಟೈಲರ್ ಎಂದುಕೊಳ್ಳಿ. ಬಡಗಿ, ಗಾರೆ ಮೇಸ್ತ್ರಿ, ಮಿಕ್ಸಿ ರಿಪೇರಿಯವರು ಯಾರಾದರೂ ಸರಿ, ವಿಧಾನ ಒಂದೇ.

ಗಿರಾಕಿ ಬಟ್ಟೆ ಕೊಟ್ಟು "ಯಾವಾಗ ಸಿಗುತ್ತೆ?" ಎಂದು ಕೇಳುತ್ತಾರೆ. ತಲೆ ಎತ್ತದೆ "ಒಂದ್ ವಾರ ಬಿಟ್ಟು ಬನ್ನಿ ಮೇಡಂ" ಎನ್ನಿ. ತಾರೀಖು ಕೊಡಬೇಡಿ. ತಾರೀಖನ್ನು ಚೀಟಿಯಲ್ಲಿ ಬರೆದುಕೊಳ್ಳಬಹುದು, ಮೇಜಿನ ಮೇಲಿಟ್ಟು ಬೆರಳು ಮಾಡಿ ತೋರಿಸಬಹುದು. "ಒಂದ್ ವಾರ" ಎಂಬುದನ್ನು ಯಾರೂ ಹಿಡಿದು ತೋರಿಸಲಾರರು.

ಒತ್ತಾಯ ಮಾಡಿದರೆ "ಎಂಟು ದಿನ" ಎನ್ನಿ. ನಮ್ಮಲ್ಲಿ ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ. ಎಂಟೂ ಎಂಟೂ ಸೇರಿ ಹದಿನೈದಾಗುವ ಈ ಲೆಕ್ಕವನ್ನು ನಾಡಿನ ಯಾವ ಹಳ್ಳಿಯೂ ಪ್ರಶ್ನಿಸಿಲ್ಲ. ಸೋಮವಾರದಿಂದ ಸೋಮವಾರಕ್ಕೆ ಎರಡೂ ತುದಿ ಸೇರಿಸಿ ಎಣಿಸಿದರೆ ಎಂಟು, ಒಂದೇ ತುದಿ ಎಣಿಸಿದರೆ ಏಳು, ಎರಡನ್ನೂ ಬಿಟ್ಟರೆ ಆರು. ಯಾವ ತುದಿಯನ್ನು ಎಣಿಸಬೇಕು ಎಂಬ ಹಕ್ಕನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಕೆಲಸ ಮುಗಿಸಿಕೊಡುವಾಗ ಎರಡೂ ತುದಿ ನಿಮಗೆ ಸೇರಿದ್ದು. ಬಾಕಿ ವಸೂಲಿಗೆ ಹೋಗುವಾಗ ಎರಡನ್ನೂ ಬಿಡಿ.

ಮೊದಲ ದಿನವೇ ಬಟ್ಟೆಗೆ ಕತ್ತರಿ ಹಾಕಿ. ಹೊಲಿಯುವ ಅವಸರಕ್ಕಲ್ಲ. ಕತ್ತರಿಸಿದ ಬಟ್ಟೆಯನ್ನು ಯಾರೂ ಬೇರೆ ಅಂಗಡಿಗೆ ಒಯ್ಯಲಾರರು. ಗಾರೆ ಕೆಲಸದವರು ಇದೇ ಸೂತ್ರವನ್ನು ಅನುಸರಿಸಿ: ಒಪ್ಪಿಕೊಂಡ ದಿನವೇ ಅಡುಗೆಮನೆಯ ಕಟ್ಟೆ ಒಡೆದು, ನಲ್ಲಿಯ ಪೈಪು ಬಿಚ್ಚಿ, ಸಿಮೆಂಟ್ ಚೀಲ ಒಂದನ್ನು ಬಾಗಿಲಿಗೆ ಅಡ್ಡ ಇಟ್ಟು, ಇನ್ನೊಂದು ಸೈಟಿಗೆ ಹೊರಡಿ. ಇನ್ನು ಮನೆಯವರು ಹಿತ್ತಿಲಲ್ಲಿ ಅಡುಗೆ ಮಾಡುತ್ತಾ ನಿಮ್ಮನ್ನೇ ನೆನೆಯುತ್ತಿರುತ್ತಾರೆ.

ಕೆಲಸವನ್ನು ಒಟ್ಟಿಗೆ ಮುಗಿಸಬೇಡಿ, ಕಂತಿನಲ್ಲಿ ಬಾಕಿ ಉಳಿಸಿ. ಮೊದಲ ಸಲ ಬಂದಾಗ "ಕಟಿಂಗ್ ಆಗಿದೆ, ಹೊಲಿಗೆ ಒಂದೇ ಬಾಕಿ." ಎರಡನೇ ಸಲ "ಹೊಲಿದಾಯ್ತು, ಕಾಜಾ ಗುಂಡಿ ಬಾಕಿ." ಮೂರನೇ ಸಲ "ಇಸ್ತ್ರಿಗೆ ಹೋಗಿದೆ." ನಾಲ್ಕನೇ ಸಲ "ಹುಡುಗ ಊರಿಗೆ ಹೋಗಿದಾನೆ, ಬೀಗದ ಕೈ ಅವನ ಹತ್ರ ಇದೆ." ಒಂದೊಂದು ವಾಕ್ಯಕ್ಕೂ ಒಂದೊಂದು ವಾರ ಸಿಗುತ್ತದೆ. ನಾಲ್ಕು ವಾಕ್ಯ ಮುಗಿಯುವಷ್ಟರಲ್ಲಿ ವಾರ ತಿಂಗಳಾಗಿದೆ, ನೀವು ಒಂದು ಸುಳ್ಳನ್ನೂ ಪೂರ್ತಿ ಹೇಳಿಲ್ಲ.

ಇಲ್ಲಿ ಕನ್ನಡನಾಡಿನ ಒಂದು ಸಾಧನೆಯನ್ನು ಅಭ್ಯಾಸ ಮಾಡಿ. 1990ರ ದಶಕದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲೂ ಸುತ್ತಲಿನ ಊರುಗಳಲ್ಲೂ ಜನ ಮನೆಬಾಗಿಲಿಗೆ "ನಾಳೆ ಬಾ" ಎಂದು ಬರೆದರು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮಾರನೆಯ ರಾತ್ರಿ ಬಂದು ಅದನ್ನೇ ಓದಿ ಮತ್ತೆ ಹೋಗುತ್ತದೆ ಎಂಬುದು ಆಗಿನ ಮಾತು. ಎರಡೇ ಪದ, ಒಂದು ತುಂಡು ಸೀಮೆಸುಣ್ಣ, ಗಡುವಿಗೆ ಕೊನೆಯೇ ಇಲ್ಲ. ಆ ದೆವ್ವಕ್ಕೆ ಅಕ್ಷರ ಬರುತ್ತಿತ್ತು, ಬರೆದದ್ದರ ಮೇಲೆ ನಂಬಿಕೆಯಿತ್ತು, ಯಾವ ನಾಳೆ ಎಂದು ಕೇಳುವ ಅಭ್ಯಾಸ ಇರಲಿಲ್ಲ. ನಿಮ್ಮ ಗಿರಾಕಿಗಳನ್ನು ಆ ಮಟ್ಟಕ್ಕೆ ತರುವುದು ನಿಮ್ಮ ಗುರಿಯಾಗಿರಲಿ.

ಹಂತ 2: ಪಂಚಾಂಗ ಬಿಚ್ಚಿ

ಕ್ಯಾಲೆಂಡರಿನ ನೆಪಗಳು ಮುಗಿದಾಗ ಪಂಚಾಂಗಕ್ಕೆ ದಾಟಿ. ಆಷಾಢದಲ್ಲಿ ಹೊಸ ಕೆಲಸ ಶುರು ಮಾಡಬೇಡಿ. ಪಿತೃಪಕ್ಷದಲ್ಲಿ ಶುಭಕಾರ್ಯ ಬೇಡ. ಧನುರ್ಮಾಸ ದೇವರಿಗೆ ಮೀಸಲು. ಅಮಾವಾಸ್ಯೆಯ ದಿನ ಉಳಿ, ಸುತ್ತಿಗೆ ಮುಟ್ಟಬೇಡಿ. ಹಿಂದಿನ ದಿನ ಅಮಾವಾಸ್ಯೆ ಹತ್ತಿರ ಬಂತೆಂದು ಮುಟ್ಟಬೇಡಿ, ಮರುದಿನ ಪಾಡ್ಯ.

ದಿನದೊಳಗೂ ಜಾಗವಿದೆ. ಹಗಲನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ರಾಹುಕಾಲ, ಒಂದು ಗುಳಿಕಕಾಲ, ಒಂದು ಯಮಗಂಡ. ಒಂದೊಂದು ಸುಮಾರು ಒಂದೂವರೆ ಗಂಟೆ. ಮೂರನ್ನೂ ನಿಷ್ಠೆಯಿಂದ ಪಾಲಿಸಿದರೆ ದಿನಕ್ಕೆ ನಾಲ್ಕೂವರೆ ಗಂಟೆ, ವಾರಕ್ಕೆ ಮೂವತ್ತೊಂದೂವರೆ ಗಂಟೆ ಕೆಲಸ ತಾನಾಗಿ ನಿಲ್ಲುತ್ತದೆ. ಉಳಿದ ಸಮಯದಲ್ಲಿ ಗಿರಾಕಿ ಬಂದರೆ "ಒಂದು ಗಳಿಗೆ ಕಾಯಿರಿ" ಎನ್ನಿ. ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ, ಅರವತ್ತು ಗಳಿಗೆಗೆ ಒಂದು ದಿನ. ಅವರು ಅದನ್ನು ಎರಡು ನಿಮಿಷ ಎಂದುಕೊಂಡರೆ ಅದು ಅವರ ಅಜ್ಞಾನ.

ಅತಿ ದೊಡ್ಡ ವರ ಅಧಿಕಮಾಸ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಈ ಬಾಕಿ ಸುಮಾರು ಮೂವತ್ತೆರಡೂವರೆ ತಿಂಗಳಿಗೆ ಒಂದು ಇಡೀ ತಿಂಗಳಷ್ಟು ಬೆಳೆಯುತ್ತದೆ. ಆಗ ಪಂಚಾಂಗ ಒಂದು ತಿಂಗಳನ್ನು ಸೇರಿಸಿ ಸರಿಮಾಡುತ್ತದೆ. 2023ರಲ್ಲಿ ಶ್ರಾವಣ ಎರಡು ಬಂದಿತ್ತು. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಸಾವಿರಾರು ವರ್ಷದ ಖಗೋಳ ಜ್ಞಾನ ನಿಮ್ಮ ಬಾಗಿಲ ಚೌಕಟ್ಟಿನ ಕೆಲಸಕ್ಕೆ ಒಂದು ತಿಂಗಳು ಕಾಲಾವಕಾಶ ಮಂಜೂರು ಮಾಡಿದೆ. ತಿರಸ್ಕರಿಸಬೇಡಿ.

ಗಿರಾಕಿ ಇದನ್ನೆಲ್ಲ ನಂಬದವರಾಗಿದ್ದರೆ ವಾದಕ್ಕೆ ಇಳಿಯಬೇಡಿ. "ನಾನೂ ನಂಬಲ್ಲ ಸಾರ್, ಆದ್ರೆ ಕೆಲಸದವರು ನಂಬ್ತಾರೆ" ಎಂದು ನಿಟ್ಟುಸಿರು ಬಿಡಿ.

ಹಂತ 3: ಪಡೆಯುವಾಗ ಕುಗ್ಗಿಸಿ

ಇಲ್ಲಿಯವರೆಗೆ ನೀವು ಕೊಡುವವರಾಗಿದ್ದಿರಿ. ಈಗ ಹಣ ಪಡೆಯುವ ಕಡೆ ಬನ್ನಿ. ಇಲ್ಲಿ ಕತ್ತರಿ ಬಟ್ಟೆಗಲ್ಲ, ತಿಂಗಳಿಗೆ.

ಮೊಬೈಲ್ ರೀಚಾರ್ಜಿನಿಂದ ಕಲಿಯಿರಿ. ತಿಂಗಳಿನ ಪ್ಲಾನ್ ಎಂದು ಜನ ಕರೆಯುವುದಕ್ಕೆ ಇಪ್ಪತ್ತೆಂಟು ದಿನ ಕೊಡಿ, ಎರಡು ತಿಂಗಳದ್ದಕ್ಕೆ ಐವತ್ತಾರು, ಮೂರು ತಿಂಗಳದ್ದಕ್ಕೆ ಎಂಬತ್ತನಾಲ್ಕು. ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿ: 364. ವರ್ಷದಲ್ಲಿ ಹನ್ನೆರಡು ತಿಂಗಳಿದ್ದ ಜಾಗದಲ್ಲಿ ಹದಿಮೂರು ರೀಚಾರ್ಜ್ ಬೆಳೆದಿದೆ, ಒಂದು ದಿನ ಚಿಲ್ಲರೆಯಾಗಿ ಉಳಿದಿದೆ. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಮೂವತ್ತು ದಿನದ್ದು ಕನಿಷ್ಠ ಒಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವಂಥದ್ದು ಕನಿಷ್ಠ ಒಂದು ಪ್ಲಾನ್ ಇರಲೇಬೇಕೆಂದು ಆದೇಶಿಸಿತು. ಆದೇಶವನ್ನು ಗೌರವಿಸಿ. ಕನಿಷ್ಠ ಎಂದಿರುವುದರಿಂದ ಒಂದೊಂದೇ ಇಡಿ. ಪಟ್ಟಿಯ ತೀರ ಕೆಳಗಿಡಿ.

ಅಂಗಡಿ, ಕಂಪನಿ ಇಲ್ಲದವರು ಮನೆಯಲ್ಲೇ ಇದನ್ನು ಮಾಡಬಹುದು. ಅಡುಗೆಯವರಿಗೆ ವಾರಕ್ಕೆ 1,500 ರೂಪಾಯಿ ಎಂದು ಮಾತಾಗಿದೆ ಎನ್ನಿ. ಒಂದು ದಿನ ಕಾಫಿ ಕೊಟ್ಟು, "ವಾರ ವಾರ ಯಾಕಮ್ಮ ಚಿಲ್ಲರೆ ತಾಪತ್ರಯ, ತಿಂಗಳಿಗೆ ಒಟ್ಟಿಗೆ ಆರು ಸಾವಿರ ತಗೊಂಡುಬಿಡು" ಎಂದು ಸಲಹೆ ಕೊಡಿ. ನಾಲ್ಕು ವಾರ ಸೇರಿದರೆ ತಿಂಗಳು ಎಂದು ಅವರಿಗೂ ಗೊತ್ತು. ವರ್ಷಕ್ಕೆ ಐವತ್ತೆರಡು ವಾರದ ಲೆಕ್ಕದಲ್ಲಿ 78,000 ಹೋಗಬೇಕಿತ್ತು. ಹನ್ನೆರಡು ತಿಂಗಳ ಲೆಕ್ಕದಲ್ಲಿ 72,000 ಹೋಯಿತು. ನಾಲ್ಕು ವಾರದ ಅಡುಗೆ ಪುಕ್ಕಟೆ. ಉಳಿದ ಆರು ಸಾವಿರದಲ್ಲಿ ದೀಪಾವಳಿಗೆ ಅವರಿಗೊಂದು ಸೀರೆ ಕೊಡಿ. ಎಂಥ ದೊಡ್ಡ ಮನಸ್ಸು ಎಂದು ಬೀದಿಯೆಲ್ಲ ಹೇಳಿಕೊಂಡು ಬರುತ್ತಾರೆ.

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ವರ್ಷಕ್ಕೆ ಹನ್ನೊಂದು ತಿಂಗಳು ಎಂದು ಬರೆಸಿ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕು. ಒಂದು ತಿಂಗಳು ಕಡಿಮೆ ಮಾಡಿದರೆ ಆ ತೊಡಕಿಲ್ಲ. ಲಾಭ ಅಷ್ಟೇ ಎಂದುಕೊಳ್ಳಬೇಡಿ. ಹನ್ನೊಂದು ವರ್ಷಕ್ಕೆ 132 ತಿಂಗಳು. ಬೇರೆಯವರಿಗೆ ಅದರಲ್ಲಿ ಹನ್ನೊಂದು ಕರಾರು ಸಿಕ್ಕರೆ ನಿಮಗೆ ಹನ್ನೆರಡು ಸಿಗುತ್ತವೆ, ಪ್ರತಿ ಕರಾರಿಗೂ ಬಾಡಿಗೆ ಏರಿಸುವ ಸಂದರ್ಭ ಒಂದು. ಅಡ್ವಾನ್ಸ್ ಮಾತ್ರ ಹತ್ತು ತಿಂಗಳದ್ದು ಕೇಳಿ. ಅಲ್ಲಿ ತಿಂಗಳು ಪೂರ್ತಿ ಗಾತ್ರದ್ದಿರಲಿ. ಅವರು ಖಾಲಿ ಮಾಡಿ ಹೋಗುವಾಗ ಅಡ್ವಾನ್ಸ್ ಹಿಂದಿರುಗಿಸುವ ಮಾತು ಬಂದರೆ ಹಂತ 1ಕ್ಕೆ ವಾಪಸ್ ಹೋಗಿ. ಸುಣ್ಣಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಿ. ಉಳಿದದ್ದಕ್ಕೆ "ಒಂದ್ ವಾರ ಬಿಟ್ಟು ಬನ್ನಿ."

ಹಂತ 4: ಬಡ್ಡಿಯನ್ನು ವಾರದಲ್ಲಿ ಬಚ್ಚಿಡಿ

ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವುದು ಬ್ಯಾಂಕಿನವರ ದಡ್ಡತನ. ನೂರಕ್ಕೆ ಮೂವತ್ತಾರು ಎಂದರೆ ಯಾರಾದರೂ ಬೆಚ್ಚಿ ಬೀಳುತ್ತಾರೆ. "ನೂರಕ್ಕೆ ಮೂರು" ಎನ್ನಿ. ತಿಂಗಳಿಗೆ ಎಂಬ ಪದವನ್ನು ನುಂಗಿ.

ಇನ್ನೂ ಚಿಕ್ಕ ಅಳತೆಗೆ ಇಳಿದಷ್ಟೂ ಬಡ್ಡಿ ಚೆನ್ನಾಗಿ ಅವಿತುಕೊಳ್ಳುತ್ತದೆ. ತರಕಾರಿ ಗಾಡಿಯವರಿಗೆ ಸಾವಿರ ರೂಪಾಯಿ ಸಾಲ ಕೊಡಿ. ನೂರು ಮೊದಲೇ ಹಿಡಿದುಕೊಂಡು ಒಂಬೈನೂರು ಕೈಗಿಡಿ. ವಾರಕ್ಕೆ ನೂರರಂತೆ ಹತ್ತು ವಾರ ವಸೂಲಿ ಮಾಡಿ. ಕೇಳಿದವರಿಗೆ ಸಾವಿರಕ್ಕೆ ನೂರು ಬಡ್ಡಿ, ನೂರಕ್ಕೆ ಹತ್ತೇ ಎಂದು ಕಾಣುತ್ತದೆ. ಆದರೆ ಅವರ ಕೈಗೆ ಬಂದದ್ದು ಒಂಬೈನೂರು, ಅದೂ ವಾರ ವಾರ ಕರಗುತ್ತಾ ಹೋಗಿ ಸರಾಸರಿ ಐನೂರಕ್ಕಿಂತ ಕಡಿಮೆ ಹಣ ಹತ್ತು ವಾರ ಅವರ ಬಳಿ ಇತ್ತು. ವರ್ಷದ ದರಕ್ಕೆ ತಿರುಗಿಸಿದರೆ ನೂರಕ್ಕೆ ನೂರೈದರ ಹತ್ತಿರ. ತಿರುಗಿಸಬೇಡಿ. ಹತ್ತು ವಾರಕ್ಕೆ ಮುಗಿಯುವ ಸಾಲವನ್ನು ವರ್ಷದಿಂದ ಅಳೆಯುವುದು ಅಸಭ್ಯತೆ ಎಂದು ವಿವರಿಸಿ. ಹನ್ನೊಂದನೇ ವಾರ ಹೊಸ ಸಾಲ ಕೊಡಿ.

ಹಂತ 5: ಮನೆಯೊಳಗಿನ ಲೆಕ್ಕ

ಸೊಸೆಗೆ ಎಷ್ಟು ತಿಂಗಳು ಎಂಬ ಪ್ರಶ್ನೆಗೆ ಮನೆಯಲ್ಲಿ ಮೂರು ಉತ್ತರ ಇರುವಂತೆ ನೋಡಿಕೊಳ್ಳಿ. ಡಾಕ್ಟರು ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸುತ್ತಾರೆ, ಒಟ್ಟು ನಲವತ್ತು. ಅದರ ಮೊದಲ ಎರಡು ವಾರ ಗರ್ಭವೇ ಇರುವುದಿಲ್ಲ ಎಂಬುದನ್ನು ಅತ್ತೆಯವರಿಗೆ ತಿಳಿಸಬೇಡಿ. ನಲವತ್ತನ್ನು ನಾಲ್ಕರಿಂದ ಭಾಗಿಸಿ ಹತ್ತು ತಿಂಗಳು ಎಂದು ಘೋಷಿಸಿ, ಅಜ್ಜಿಯನ್ನು ಗಾಬರಿಪಡಿಸಿ. ನಲವತ್ತು ವಾರ ಎಂದರೆ 280 ದಿನ, ಒಂಬತ್ತು ತಿಂಗಳು ದಾಟಿ ಒಂದು ವಾರದಷ್ಟೇ ಎಂದು ಸಮಾಧಾನ ಹೇಳುವ ಅಧಿಕಪ್ರಸಂಗಿಗಳನ್ನು ಸೀಮಂತಕ್ಕೆ ಕರೆಯಬೇಡಿ.

ಸೀಮಂತದ ದಿನ ಗೊತ್ತು ಮಾಡುವಾಗ ಇನ್ನೊಂದು ಉಪಕರಣ ಬಳಸಿ: ತುಂಬಿದ್ದು ಮತ್ತು ಬಿದ್ದದ್ದು. ಇಪ್ಪತ್ತೆಂಟು ವಾರವನ್ನು ನಾಲ್ಕರಿಂದ ಭಾಗಿಸಿದರೆ ಏಳು ತುಂಬಿತು. ಕ್ಯಾಲೆಂಡರಿನಲ್ಲಿ ನೋಡಿದರೆ ಆರು ತುಂಬಿ ಏಳಕ್ಕೆ ಬಿತ್ತು. ತವರಿನವರು ಒಂದನ್ನು ಹಿಡಿಯಲಿ, ಗಂಡನ ಮನೆಯವರು ಇನ್ನೊಂದನ್ನು ಹಿಡಿಯಲಿ. ಇಬ್ಬರೂ ಸರಿಯಾಗಿರುವ ಜಗಳಕ್ಕೆ ಆಯಸ್ಸು ಜಾಸ್ತಿ.

ನೀವು ಕಂಪನಿಯ ಎಚ್‌ಆರ್ ಆಗಿದ್ದರೆ ಹೆರಿಗೆ ರಜೆಯನ್ನು ಹೇಳುವಾಗ ಒಂದು ಅಳತೆ, ಎಣಿಸುವಾಗ ಒಂದು ಅಳತೆ ಇಟ್ಟುಕೊಳ್ಳಿ. 2017ರ ತಿದ್ದುಪಡಿ ಹನ್ನೆರಡು ವಾರವಿದ್ದ ರಜೆಯನ್ನು ಇಪ್ಪತ್ತಾರಕ್ಕೆ ಏರಿಸಿತು, ಅಂದರೆ 182 ದಿನ. ಕೆಲಸಕ್ಕೆ ಕರೆಯುವ ಜಾಹೀರಾತಿನಲ್ಲಿ "ಆರು ತಿಂಗಳು" ಎಂದು ಬರೆಯಿರಿ. ಜುಲೈಯಿಂದ ಡಿಸೆಂಬರ್‌ವರೆಗೆ 184 ದಿನವಾಗುತ್ತದೆ ಎಂದು ಬಾಣಂತಿ ಕೇಳಿದರೆ ಕಾಯ್ದೆಯ ಪ್ರತಿ ಕಳಿಸಿ.

ಮಕ್ಕಳ ವಯಸ್ಸಿಗೂ ಇದೇ ಉಪಕರಣ. ಬಸ್ಸಿನಲ್ಲಿ ಅರ್ಧ ಟಿಕೆಟ್ ವಿಷಯ ಬಂದಾಗ ವಯಸ್ಸು ಇನ್ನೂ ತುಂಬಿಲ್ಲ; ಶಾಲೆಯಲ್ಲಿ ಸೀಟು ಕೇಳುವಾಗ ಆಗಲೇ ಮುಂದಿನದಕ್ಕೆ ಬಿದ್ದಿದೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ಕರ್ನಾಟಕ ಸರ್ಕಾರ ನಿಯಮ ಮಾಡಿ, ಯುಕೆಜಿ ಮುಗಿಸಿದ ಮಕ್ಕಳಿಗೆ 2025–26ರ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಏಳು ತಿಂಗಳನ್ನು ಒಂದು ಆದೇಶದಲ್ಲಿ ದಾಟಿಸಬಹುದು ಎಂಬುದನ್ನು ಗಮನಿಸಿ. ಹಿಂದಿನ ಕಾಲದ ಹಳ್ಳಿ ಮೇಷ್ಟ್ರಿಗೆ ಆದೇಶವೂ ಬೇಕಿರಲಿಲ್ಲ. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ವಯಸ್ಸಾಯಿತು, ಹುಟ್ಟಿದ ತಾರೀಖನ್ನು ಅವರೇ ಬರೆದುಕೊಳ್ಳುತ್ತಿದ್ದರು. ಆ ತಾರೀಖಿಗೆ ಸರಿಯಾಗಿ ಜನ ನಿವೃತ್ತರಾಗಿ ಪಿಂಚಣಿ ಪಡೆದಿದ್ದಾರೆ.

ಹಂತ 6: ಕಚೇರಿಯ ಗಡಿಯಾರ

ಸರ್ಕಾರಿ ಮೇಜಿನ ಹಿಂದೆ ಕೂತವರಿಗೆ ಅಳತೆಗಳು ಸಿದ್ಧವಾಗಿಯೇ ಸಿಗುತ್ತವೆ, ಬಳಸುವ ಕಲೆ ಬೇಕು ಅಷ್ಟೇ. ಮೊದಲು "ದಿನ" ಎಂಬುದನ್ನು "ಕೆಲಸದ ದಿನ" ಮಾಡಿ. 2019ರಿಂದ ರಾಜ್ಯ ಸರ್ಕಾರಿ ನೌಕರರಿಗೆ ಎರಡನೆಯದರ ಜೊತೆ ನಾಲ್ಕನೇ ಶನಿವಾರವೂ ರಜೆ. ಒಂದು ಜಯಂತಿ, ಒಂದು ಹಬ್ಬ, ಒಂದು ಚುನಾವಣಾ ಕರ್ತವ್ಯ ಸೇರಿಸಿ. ಏಳು ಕೆಲಸದ ದಿನ ಎರಡು ವಾರದ ಹತ್ತಿರ ಹೋಗಿ ನಿಲ್ಲುತ್ತದೆ.

ಸಕಾಲ ಕಾಯ್ದೆಗೆ ಹೆದರಬೇಡಿ, ಓದಿ. ತಡವಾದ ಪ್ರತಿ ದಿನಕ್ಕೆ ಅರ್ಜಿದಾರರಿಗೆ 20 ರೂಪಾಯಿ ಪರಿಹಾರ, ಗರಿಷ್ಠ 500. ಭಾಗಿಸಿ: ಇಪ್ಪತ್ತೈದು ದಿನ. ಇಪ್ಪತ್ತಾರನೇ ದಿನದಿಂದ ವಿಳಂಬ ಉಚಿತ. ಇಪ್ಪತ್ತೈದು ದಿನ ತಡ ಮಾಡಿದವರಿಗೂ ಇಡೀ ವರ್ಷ ತಡ ಮಾಡಿದವರಿಗೂ ಒಂದೇ ದರ ಎಂದ ಮೇಲೆ ಬುದ್ಧಿವಂತರು ಯಾವುದನ್ನು ಆರಿಸಬೇಕು ಎಂದು ಹೇಳಬೇಕಾಗಿಲ್ಲ. ಇನ್ನೂ ಉತ್ತಮ ದಾರಿ, ಅರ್ಜಿಯನ್ನು ಸ್ವೀಕರಿಸದಿರುವುದು. "ಒಂದು ಜೆರಾಕ್ಸ್ ಕಡಿಮೆ ಇದೆ" ಎಂದು ವಾಪಸ್ ಕಳಿಸಿ. ಅರ್ಜಿ ಸ್ವೀಕೃತವಾದ ಮೇಲಷ್ಟೇ ಗಡಿಯಾರ ಓಡುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಬಂದರೆ ಕಾಯ್ದೆಯನ್ನು ಅಕ್ಷರಶಃ ಪಾಲಿಸಿ. ಉತ್ತರಕ್ಕೆ ಮೂವತ್ತು ದಿನ ಇದೆ. ಮೂವತ್ತನೇ ದಿನ, ಕೇಳಿದ್ದು ಸ್ಪಷ್ಟವಾಗಿಲ್ಲ ಎಂದು ಬರೆಯಿರಿ. ಮೊದಲ ಮೇಲ್ಮನವಿ ಸಲ್ಲಿಸಲು ಅವರಿಗೆ ಮೂವತ್ತು ದಿನ, ಅದನ್ನು ತೀರ್ಮಾನಿಸಲು ನಿಮ್ಮ ಮೇಲಿನವರಿಗೆ ನಲವತ್ತೈದು ದಿನದವರೆಗೆ, ಎರಡನೇ ಮೇಲ್ಮನವಿಗೆ ತೊಂಬತ್ತು ದಿನ. ಕೂಡಿಸಿದರೆ 195. ಮೂವತ್ತು ದಿನದ ಪ್ರಶ್ನೆ ಯಾವ ನಿಯಮವನ್ನೂ ಮುರಿಯದೆ ಆರು ತಿಂಗಳು ದಾಟಿದೆ. ಆಮೇಲೆ ಆಯೋಗ ಎಷ್ಟು ದಿನದಲ್ಲಿ ತೀರ್ಮಾನಿಸಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಗಡುವೇ ಇಲ್ಲ.

ವಕೀಲರಿಗೆ ಹೊಸದಾಗಿ ಕಲಿಸುವುದೇನಿಲ್ಲ. ಸಿವಿಲ್ ದಾವೆಯಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಬಾರಿ ಮುಂದೂಡಿಕೆ ಕೊಡಬಾರದು ಎಂದು ಸಂಹಿತೆಯ ಹದಿನೇಳನೇ ಆದೇಶದಲ್ಲಿದೆ ಎಂಬುದನ್ನು ಕಕ್ಷಿದಾರನಿಗೆ ಹೇಳಬೇಡಿ, ಸಾಕು. ಹೇಳಿದರೆ ಅವರು ಮೂರನೇ ವಾಯಿದೆಯ ದಿನ ಊಟ ಕಟ್ಟಿಕೊಂಡು ಬಂದುಬಿಡುತ್ತಾರೆ.

ಎಚ್ಚರಿಕೆ: ವಾರವನ್ನೇ ಮುಟ್ಟಬೇಡಿ

ಆರಂಭದ ಯಶಸ್ಸಿನಿಂದ ಉಬ್ಬಿ, ವಾರದ ಉದ್ದವನ್ನೇ ಬದಲಾಯಿಸಲು ಹೋಗಬೇಡಿ. ಘಟಾನುಘಟಿಗಳು ಸೋತಿದ್ದಾರೆ. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಹತ್ತು ದಿನದ ವಾರ ತಂದರು. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ರಜೆ ಹತ್ತಕ್ಕೊಮ್ಮೆ ಆಯಿತು. ಆ ಕ್ಯಾಲೆಂಡರನ್ನು ನೆಪೋಲಿಯನ್ 1806ರ ಜನವರಿ 1ರಿಂದ ಕೈಬಿಟ್ಟ. ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನದ ವಾರ ಮಾಡಿ, ಕಾರ್ಮಿಕರಿಗೆ ಬಣ್ಣಗಳನ್ನು ಹಂಚಿ, ಬಣ್ಣಕ್ಕೊಂದು ರಜಾದಿನ ಕೊಟ್ಟಿತು. ಗಂಡ ಒಂದು ಬಣ್ಣ, ಹೆಂಡತಿ ಇನ್ನೊಂದು. 1931ರಲ್ಲಿ ಆರು ದಿನ ಮಾಡಿ ನೋಡಿದರು. 1940ರಲ್ಲಿ ಏಳಕ್ಕೇ ಮರಳಿದರು.

ಜಾಣತನ ಕಲಿಯಬೇಕಾದರೆ ಪೋಪ್ ಹದಿಮೂರನೇ ಗ್ರೆಗರಿಯನ್ನು ನೋಡಿ. 1582ರ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಎಂದರು. ಹತ್ತು ತಾರೀಖು ಮಾಯ. ಆದರೆ ನಾಲ್ಕು ಗುರುವಾರವಾಗಿತ್ತು, ಹದಿನೈದು ಶುಕ್ರವಾರವಾಯಿತು. ತಿಂಗಳ ಹೊಟ್ಟೆ ಬಗೆದರೂ ವಾರದ ಒಂದು ಕೂದಲು ಕೊಂಕಲಿಲ್ಲ. ಬ್ರಿಟನ್ 1752ರಲ್ಲಿ ಹನ್ನೊಂದು ದಿನ ತೆಗೆದಾಗಲೂ ಸೆಪ್ಟೆಂಬರ್ 2 ಬುಧವಾರ, ಮರುದಿನ ಸೆಪ್ಟೆಂಬರ್ 14 ಗುರುವಾರ. ತಿಂಗಳು ಮೇಲಿನವರದು, ಅವರು ಎಳೆದಂತೆ ಬರುತ್ತದೆ. ವಾರ ಸಂತೆಯವರದು. ಸೋಮವಾರದ ಸಂತೆಗೆ ಸೋಮವಾರವೇ ಜನ ಬರುತ್ತಾರೆ. ಆದ್ದರಿಂದ ವಾರವನ್ನು ಹಾಗೇ ಬಿಟ್ಟು, ಅದನ್ನು ನಂಬಿದವರನ್ನು ಎಳೆಯಿರಿ.

ತೊಂದರೆಗಳು, ಪರಿಹಾರಗಳು

*ಗಿರಾಕಿ ತಾರೀಖು ಬರೆದುಕೊಂಡಿದ್ದಾರೆ.* ಗಾಬರಿಯಾಗಬೇಡಿ. ಮದುವೆ ಯಾವಾಗ ಎಂದು ವಿಚಾರಿಸಿ. ನಿಜವಾದ ಗಡುವು ಅದೇ. ಹಿಂದಿನ ರಾತ್ರಿ ಹತ್ತಕ್ಕೆ ರವಿಕೆ ಕೊಡಿ. ತೋಳು ಬಿಗಿಯಾಗಿದ್ದರೆ ಸರಿಮಾಡಲು ಒಂದು ವಾರ ಬೇಕು ಎನ್ನಿ.

*ಗಿರಾಕಿ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ.* ಎತ್ತಿ, "ಹೊರಟಿದೀನಿ, ಸಿಲ್ಕ್ ಬೋರ್ಡ್ ಹತ್ರ ಇದೀನಿ" ಎನ್ನಿ. ಅಲ್ಲಿಂದ ಎಷ್ಟು ಹೊತ್ತು ಎಂದು ಬೆಂಗಳೂರಿನಲ್ಲಿ ಯಾರೂ ಕೇಳುವುದಿಲ್ಲ.

*ಗಿರಾಕಿ ಅಂಗಡಿಯಲ್ಲೇ ಕೂತುಬಿಟ್ಟಿದ್ದಾರೆ.* ಇದು ಗಂಭೀರ. ಗಿರಾಕಿಗೆ ಸ್ಟೂಲ್ ಇಟ್ಟ ಅಂಗಡಿಯಲ್ಲಿ ವಾರ ಏಳೇ ದಿನಕ್ಕೆ ಮುಗಿಯುತ್ತದೆ. ಈ ಸಲ ಕೊಟ್ಟು ಕಳಿಸಿ. ಸಂಜೆ ಸ್ಟೂಲನ್ನು ಒಳಗಿಡಿ.

*ಎದುರಿನವರು ಬ್ಯಾಂಕಿನವರು.* ಈ ಕೈಪಿಡಿ ಮುಚ್ಚಿ. ಐದನೇ ತಾರೀಖಿನ ಕಂತು ಐದಕ್ಕೇ ಹೋಗಬೇಕು. ಅಲ್ಲಿ ಆಷಾಢವಿಲ್ಲ, ರಾಹುಕಾಲವಿಲ್ಲ, ಅಧಿಕಮಾಸಕ್ಕೆ ಅಧಿಕ ಬಡ್ಡಿ ಮಾತ್ರ ಇದೆ.

ಕೊನೆಯ ಹಂತ: ಶನಿವಾರದ ಬಟವಾಡೆ

ಇದುವರೆಗಿನ ಅಭ್ಯಾಸವೆಲ್ಲ ಈ ಹಂತಕ್ಕಾಗಿ. ಕಟ್ಟಡದ ಸೈಟಿನಲ್ಲಿ ಕೂಲಿಯವರಿಗೆ ಶನಿವಾರ ಬಟವಾಡೆ. ಜಗತ್ತಿನ ಅತ್ಯಂತ ಗಟ್ಟಿ ಅಳತೆ ಇದು. ಇದನ್ನು ಹಿಗ್ಗಿಸಬಲ್ಲವರು ಏನನ್ನಾದರೂ ಹಿಗ್ಗಿಸುತ್ತಾರೆ.

ಧೈರ್ಯಕ್ಕೆ ಸರ್ಕಾರದ ಮೇಲ್ಪಂಕ್ತಿ ಇದೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಲಿಯನ್ನು ವಾರಕ್ಕೊಮ್ಮೆ, ಹೆಚ್ಚೆಂದರೆ ಹದಿನೈದು ದಿನದೊಳಗೆ ಕೊಡಬೇಕೆಂದಿತು. ತಡವಾದರೆ ದಿನಕ್ಕೆ ಬಾಕಿಯ ಶೇಕಡಾ 0.05 ಪರಿಹಾರ ಎಂದಿತ್ತು. 2025–26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ದಿನದ ಕೂಲಿ ಒಂದು ದಿನ ತಡವಾದರೆ ಹದಿನೆಂಟೂವರೆ ಪೈಸೆ. ಹದಿನೆಂಟೂವರೆ ಪೈಸೆಗೆ ಇನ್ನೊಬ್ಬರ ಒಂದು ದಿನ ಸಿಗುವ ಮಾರುಕಟ್ಟೆ ಬೇರೆಲ್ಲೂ ಇಲ್ಲ. ನಿಮಗೆ ಅಷ್ಟೂ ಖರ್ಚಿಲ್ಲ.

ಶನಿವಾರ ನಾಲ್ಕು ಗಂಟೆಗೆ ಸೈಟಿನಿಂದ ಹೊರಡಿ. "ಬ್ಯಾಂಕಿಗೆ ಹೋಗಿ ಬರ್ತೀನಿ" ಎನ್ನಿ. ಅಂದು ಎರಡನೇ ಶನಿವಾರ ಎಂದು ಯಾರಿಗಾದರೂ ಹೊಳೆಯುವುದರೊಳಗೆ ಬೈಕು ತಿರುವಿನಲ್ಲಿ ಮರೆಯಾಗಿರಲಿ. ಕತ್ತಲಾದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿ, ತಲೆಗೆ ಇನ್ನೂರು ಖರ್ಚಿಗೆ ಕೊಡಲು ಹೇಳಿ, ಉಳಿದದ್ದು ಬುಧವಾರ ಎನ್ನಿ. ಬುಧವಾರ ಬಂದಾಗ ಮೂರೇ ದಿನಕ್ಕೆ ಮತ್ತೆ ಶನಿವಾರ ಬರುತ್ತದಲ್ಲ, ಒಟ್ಟಿಗೆ ಕೊಡುತ್ತೇನೆ ಎನ್ನಿ. ಒಂದು ವಾರದ ಕೂಲಿ ಸದಾ ನಿಮ್ಮ ಬಳಿ ಹಿಂದೆ ಬಿದ್ದಿರಲಿ. ಕತ್ತರಿಸಿದ ಬಟ್ಟೆ ಮಾಡುವ ಕೆಲಸವನ್ನೇ ಅದು ಮಾಡುತ್ತದೆ: ಹಳೇ ಬಾಕಿ ಬಿಟ್ಟು ಅವರು ಬೇರೆ ಸೈಟಿಗೆ ಹೋಗಲಾರರು. ಎರಡು ವಾರ ಹಿಂದೆ ಬಿದ್ದರೆ ಇನ್ನೂ ನಿಷ್ಠರಾಗುತ್ತಾರೆ. ನಾಲ್ಕಾದ ದಿನ ಅವರು ತಾವಾಗಿಯೇ ತಿಂಗಳ ಲೆಕ್ಕ ಒಪ್ಪಿಕೊಂಡಿರುತ್ತಾರೆ.

ಭಾನುವಾರ ಅವರು ದಿನಸಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು ಅಕ್ಕಿಯನ್ನು ವಾರದ ಸಾಲಕ್ಕೆ ಕೊಡುತ್ತಾರೋ ತಿಂಗಳ ಸಾಲಕ್ಕೋ ಎಂಬುದು ಅವರವರ ನಡುವಿನ ವಿಷಯ. ಅದರಲ್ಲಿ ನೀವು ತಲೆ ಹಾಕಬೇಡಿ.